ಹೊಟ್ಟೆ, ಕಣ್ಣು, ಮೂಳೆ, ನರ... ಈ ಸ್ಟೋರೇಜ್ ಕಾಯಿಲೆಗಳು ತಲೇಲಿ ನಿಲ್ತಾನೇ ಇಲ್ಲ

ಪಿಜಿ_ಎರಡನೇ_ವರ್ಷ

ಎಲ್ರಿಗೂ ನಮಸ್ಕಾರ. ಮಕ್ಕಳ ವಿಭಾಗದಲ್ಲಿ ಪಿಜಿ ಮಾಡ್ತಿದೀನಿ. ಲೈಸೊಸೋಮಲ್ ಸ್ಟೋರೇಜ್ ಕಾಯಿಲೆಗಳ (ಕೋಶದೊಳಗೆ ಕಸ ಕರಗಿಸೋ ಚೀಲ ಲೈಸೊಸೋಮ್, ಅದರ ಕೆಲಸ ಕೆಟ್ಟು ವಸ್ತು ತುಂಬ್ಕೊಳ್ಳೋ ಕಾಯಿಲೆಗಳು) ಟೇಬಲ್ ಇದ್ಯಲ್ಲ, ಅದನ್ನ ನಾಲ್ಕು ಸಲ ಉರು ಹೊಡೆದೆ, ನಾಲ್ಕು ಸಲಾನೂ ಬೆಳಗಾಗೋಷ್ಟರಲ್ಲಿ ಮಾಯ. ಟೇ-ಸ್ಯಾಕ್ಸ್, ಸ್ಯಾಂಡ್‌ಹಾಫ್, ನೀಮನ್-ಪಿಕ್, ಗೋಶೆ, ಕ್ರಾಬೆ, ಓದ್ತಾ ಓದ್ತಾ ಎಲ್ಲಾ ಮಕ್ಕಳಿಗೂ ಹೊಟ್ಟೆ ದಪ್ಪ, ಎಲ್ಲಾ ಕಣ್ಣಲ್ಲೂ ಚೆರ್ರಿ ರೆಡ್ ಸ್ಪಾಟ್ ಅನ್ಸೋಕೆ ಶುರುವಾಗುತ್ತೆ. ಅದರ ಬಾಲಕ್ಕೆ ಪೆರಾಕ್ಸಿಸೋಮ್ ಅನ್ನೋ ಕೋಶದ ಇನ್ನೊಂದು ಚೀಲದ ಕಾಯಿಲೆಗಳು ಬೇರೆ. ತಲೆ ಮೊಸರು ಗಡಿಗೆ ಆಗಿದೆ.

ಇನ್ನೊಂದು ವಿಷಯ. ಹೋದ ವಾರ ವೈವಾದಲ್ಲಿ ಸರ್ ಕೇಳಿದ್ರು, "ಎನ್ಜೈಮ್ ಕಮ್ಮಿ ಬಂತು, ಕಾಯಿಲೆ ಪಕ್ಕಾನಾ?" ಅಂತ. ನಾನು ಪಕ್ಕಾ ಸರ್ ಅಂದೆ. ಅವ್ರು ನಕ್ಕು ಮುಂದಿನವರ ಕಡೆ ತಿರುಗಿಬಿಟ್ರು. ಆ ನಗು ಯಾಕೆ ಅಂತ ಯಾರಾದ್ರೂ ಹೇಳ್ತೀರಾ?

ಹಳೇ_ಸ್ಟೆತ್

ಟೇಬಲ್ ಮುಚ್ಚಿಡಿ ಮೊದ್ಲು. ಎರಡೇ ಪ್ರಶ್ನೆ ಕೇಳ್ಕೊಳ್ಳಿ: ಕರಗದೆ ಉಳಿದಿರೋ ವಸ್ತು ಯಾವುದು, ಅದು ದೇಹದಲ್ಲಿ ಎಲ್ಲಿ ಜಾಸ್ತಿ ಓಡಾಡುತ್ತೆ. ಗ್ಯಾಂಗ್ಲಿಯೊಸೈಡ್ ಅನ್ನೋ ಕೊಬ್ಬು ಜಾಸ್ತಿ ಇರೋದು ನರಕೋಶದಲ್ಲಿ, ಹಾಗಾಗಿ ಟೇ-ಸ್ಯಾಕ್ಸ್ ಮಗುವಿಗೆ ಮಿದುಳು ಮತ್ತೆ ಕಣ್ಣು ಹೋಗುತ್ತೆ, ಹೊಟ್ಟೆ ಮೆತ್ತಗೇ ಇರುತ್ತೆ. ಗ್ಲುಕೋಸೆರೆಬ್ರೊಸೈಡ್ ಅನ್ನೋ ಇನ್ನೊಂದು ಕೊಬ್ಬು ಬಹುಪಾಲು ಬರೋದು ಮುದಿಯಾದ ರಕ್ತಕಣಗಳ ಪೊರೆಯಿಂದ, ಅದನ್ನ ನುಂಗೋದು ಮ್ಯಾಕ್ರೊಫೇಜ್ ಅನ್ನೋ ಕಸ ನುಂಗೋ ಕೋಶ, ಹಾಗಾಗಿ ಗೋಶೆಯಲ್ಲಿ ಸ್ಪ್ಲೀನು (ಗುಲ್ಮ), ಲಿವರು, ಮೂಳೆಮಜ್ಜೆ. ಸ್ಪ್ಲೀನು ಹೊಕ್ಕುಳು ದಾಟಿ ಕೆಳಗೆ ಬಂದಿರುತ್ತೆ, ಪ್ಲೇಟ್ಲೆಟ್ ಬಿದ್ದಿರುತ್ತೆ, ಮಗುವಿಗೆ ಮೂಗಲ್ಲಿ ರಕ್ತ, ಎಲ್ರೂ ಲುಕೀಮಿಯಾ ಅಂತ ಹೆದರಿ ಬೋನ್ ಮ್ಯಾರೋ ಮಾಡಿಸ್ತಾರೆ, ಅಲ್ಲಿ ಸುಕ್ಕುಗಟ್ಟಿದ ಟಿಶ್ಯೂ ಪೇಪರ್ ತರದ ಕೋಶ ಸಿಗುತ್ತೆ. ಸಲ್ಫಟೈಡ್ ಅಂದ್ರೆ ಮಯಲಿನ್ (ನರದ ಮೇಲಿನ ಹೊದಿಕೆ), ಅದು ಮೆಟಾಕ್ರೊಮ್ಯಾಟಿಕ್ ಲ್ಯೂಕೊಡಿಸ್ಟ್ರೊಫಿ, ಎಂಎಲ್‌ಡಿ, ನಡೀತಿದ್ದ ಮಗು ನಡಿಗೆ ಮರೆಯುತ್ತೆ. ಗ್ಲೈಕೋಜನ್ ಅಂದ್ರೆ ಸ್ನಾಯು, ಅದು ಪಾಂಪೆ, ಬಟ್ಟೆ ತರ ಜೋಲು ಬೀಳೋ ಕೂಸು, ಎಕ್ಸ್‌ರೇಲಿ ಎದೆ ತುಂಬಾ ಹಾರ್ಟು.

ಚೆರ್ರಿ ರೆಡ್ ಸ್ಪಾಟ್ ಕೂಡ ಇದೇ ಲೆಕ್ಕ. ರೆಟಿನಾದ ಗ್ಯಾಂಗ್ಲಿಯಾನ್ ಕೋಶಗಳಲ್ಲಿ ಕೊಬ್ಬು ತುಂಬಿ ಅವು ಬಿಳುಚ್ಕೊಳ್ತವೆ. ಮಧ್ಯದ ಫೋವಿಯಾದಲ್ಲಿ ಆ ಕೋಶ ಇಲ್ವೇ ಇಲ್ಲ, ಹಾಗಾಗಿ ಅಲ್ಲಿ ಹಿಂದಿನ ಕೆಂಪು ಹಾಗೇ ಕಾಣುತ್ತೆ. ಅಂದ್ರೆ ಕೆಂಪು ಹೊಸದಾಗಿ ಬಂದಿದ್ದಲ್ಲ, ಸುತ್ತಲಿನದು ಬೆಳ್ಳಗಾಗಿದ್ದು. 1881ರಲ್ಲಿ ವಾರೆನ್ ಟೇ ಅನ್ನೋ ಕಣ್ಣಿನ ಡಾಕ್ಟರು ಇದನ್ನೇ ಬರೆದಿಟ್ಟಿದ್ದು. ಗೋಶೆಯಲ್ಲಿ ಇದನ್ನ ಹುಡುಕ್ಬೇಡಿ, ಸಿಗಲ್ಲ.

ಸ್ಯಾಂಡ್‌ಹಾಫ್ ಬೇರೆ ಕಾಯಿಲೆ ಅಂತ ಉರು ಹೊಡೀಬೇಡಿ. ಗ್ಯಾಂಗ್ಲಿಯೊಸೈಡ್ ಒಡೆಯೋ ಹೆಕ್ಸೊಸಮಿನಿಡೇಸ್ ಎ ಅನ್ನೋ ಎನ್ಜೈಮ್ ಆಲ್ಫಾ ಮತ್ತೆ ಬೀಟಾ ಎರಡು ತುಂಡು ಸೇರಿ ಆಗೋದು, ಹೆಕ್ಸೊಸಮಿನಿಡೇಸ್ ಬಿ ಅನ್ನೋದು ಬರೀ ಬೀಟಾ. ಆಲ್ಫಾ ಕೆಟ್ರೆ ಎ ಮಾತ್ರ ಹೋಗುತ್ತೆ, ಅದು ಟೇ-ಸ್ಯಾಕ್ಸ್, ಜೀನು 15ನೇ ಕ್ರೋಮೊಸೋಮಲ್ಲಿ. ಬೀಟಾ ಕೆಟ್ರೆ ಎರಡೂ ಹೋಗುತ್ತೆ, ಅದು ಸ್ಯಾಂಡ್‌ಹಾಫ್, ಜೀನು 5ನೇದ್ರಲ್ಲಿ, ಬಿ ಕೂಡ ಇಲ್ದಿರೋದ್ರಿಂದ ಬೇರೆ ವಸ್ತುಗಳೂ ತುಂಬ್ಕೊಂಡು ಲಿವರ್ ಸ್ಪ್ಲೀನ್ ದೊಡ್ಡದಾಗಬಹುದು. ಎರಡ್ರಲ್ಲೂ ಮಗು ಸಣ್ಣ ಸದ್ದಿಗೆ ಬೆಚ್ಚಿಬೀಳುತ್ತೆ, ಬಾಗಿಲು ಹಾಕಿದ್ರೂ ಸಾಕು. ಪುಟ್ಟ ಮಗು ಬೆಚ್ಚೋದು ಸಹಜ ಬಿಡಿ ಅಂತ ಮನೆಯವ್ರೂ ಡಾಕ್ಟ್ರೂ ಇಬ್ರೂ ಅಂದ್ಕೊಳ್ಳೋದು ಇಲ್ಲೇ.

ಪಿಜಿ_ಎರಡನೇ_ವರ್ಷ

ಸರ್ ಇದು ಚೆನ್ನಾಗಿದೆ. ಎಂಪಿಎಸ್‌ಗಳು, ಅಂದ್ರೆ ಮ್ಯೂಕೊಪಾಲಿಸ್ಯಾಕರಿಡೋಸಿಸ್ ಗುಂಪು? ಹರ್ಲರ್, ಹಂಟರ್, ಸ್ಯಾನ್‌ಫಿಲಿಪ್ಪೊ, ಮಾರ್ಕಿಯೊ?

ಹಳೇ_ಸ್ಟೆತ್

ಕೀಲು, ಮೂಳೆ, ಹಾರ್ಟಿನ ವಾಲ್ವು, ಅಂದ್ರೆ ಗ್ಲೈಕೋಸಮಿನೊಗ್ಲೈಕನ್ ಅನ್ನೋ ಉದ್ದ ಸಕ್ಕರೆ ಸರಪಳಿ ಎಲ್ಲೆಲ್ಲಿ ಇರುತ್ತೋ ಅಲ್ಲಲ್ಲಿ. ಹರ್ಲರ್‌ಗೆ ಕಾರ್ನಿಯಾ ಮಬ್ಬು, ಹಂಟರ್‌ಗೆ ಕಾರ್ನಿಯಾ ತಿಳಿ ಮತ್ತೆ ಬಹುತೇಕ ಹುಡುಗ್ರಿಗೇ ಬರೋದು, ಎಕ್ಸ್ ಲಿಂಕ್ಡ್, ಅಂದ್ರೆ ಕೆಟ್ಟ ಜೀನು ಎಕ್ಸ್ ಕ್ರೋಮೊಸೋಮಲ್ಲಿ. ಮಾರ್ಕಿಯೊದಲ್ಲಿ ಬುದ್ಧಿ ಚುರುಕು, ಆದ್ರೆ ಕತ್ತಿನ ಮೇಲಿನ ಮೂಳೆ ಸಡಿಲ, ಅದನ್ನ ನೋಡ್ದೆ ಕುತ್ತಿಗೆ ಬಗ್ಗಿಸಿದ್ರೆ ಸ್ಪೈನಲ್ ಕಾರ್ಡಿಗೆ ಪೆಟ್ಟು. ಪಿಜಿಗಳಿಗೆ ಒಂದು ಮಾತು, ಎಂಪಿಎಸ್ ಮಗುವಿಗೆ ಅನಸ್ತೇಶಿಯಾ ಅಂದ್ರೆ ಹುಡುಗಾಟ ಅಲ್ಲ, ನಾಲಿಗೆ ದಪ್ಪ, ಗಂಟಲು ಕಿರಿದು, ಟ್ಯೂಬು ಹೋಗಲ್ಲ. ಸಣ್ಣ ಹರ್ನಿಯಾ ಆಪರೇಷನ್ ತಾನೇ ಅಂತ ಸಿದ್ಧತೆ ಇಲ್ದೆ ಇಳೀಬೇಡಿ.

ನಿದ್ದೆಗೆಟ್ಟ_ಅಮ್ಮ

ಡಾಕ್ಟ್ರುಗಳ ಮಧ್ಯೆ ನಾನ್ಯಾಕೆ ಅಂತ ಸುಮ್ನಿದ್ದೆ, ಹರ್ನಿಯಾ ಅಂದ್ರಲ್ಲ, ಅದಕ್ಕೆ ಬರೀತಿದೀನಿ. ನನ್ನ ಮಗನಿಗೆ ಸ್ಯಾನ್‌ಫಿಲಿಪ್ಪೊ ಎ, ಈಗ 9 ವರ್ಷ. ಒಂದು ವರ್ಷಕ್ಕೇ ಹರ್ನಿಯಾ ಆಪರೇಷನ್ ಆಯ್ತು, ಆಮೇಲೆ ಕಿವಿ ಸೋರೋದು, ಎರಡು ಸಲ ಕಿವಿಗೆ ಟ್ಯೂಬ್ ಹಾಕಿದ್ರು, ಅಡಿನಾಯ್ಡ್ ತೆಗೆದ್ರು. ಮೂರು ವರ್ಷಕ್ಕೆ ಇದ್ದ ಹತ್ತಿಪ್ಪತ್ತು ಮಾತೂ ನಿಂತೋಯ್ತು, ರಾತ್ರಿ ಎರಡು ಗಂಟೆಗೆ ಎದ್ದು ಮನೆಯೆಲ್ಲಾ ಓಡ್ತಾನೆ, ಪರದೆ ಕಚ್ತಾನೆ, ಒಂದು ಕಡೆ ಕೂರಲ್ಲ. ಆಟಿಸಮ್ ಅಂದ್ರು. ಮೂರು ವರ್ಷ ಥೆರಪಿಗೆ ಓಡಾಡಿದ್ವಿ. ಮುಖದಲ್ಲಿ ಅಂಥಾ ವ್ಯತ್ಯಾಸ ಏನೂ ಇಲ್ಲ, ಹುಬ್ಬು ಸ್ವಲ್ಪ ದಪ್ಪ, ಕೂದಲು ಒರಟು, ಅಪ್ಪನ ತರ ಅಂತ ಎಲ್ರೂ ಅಂದ್ರು ನಾವೂ ಅಂದ್ಕೊಂಡ್ವಿ.

ಬೇಜಾರು ಏನು ಗೊತ್ತಾ, ನಾಲ್ಕನೇ ವರ್ಷದಲ್ಲೇ ಒಬ್ಬ ಡಾಕ್ಟರಿಗೆ ಅನುಮಾನ ಬಂದು ಯೂರಿನ್ ಸ್ಕ್ರೀನಿಂಗ್ ಬರೆದಿದ್ರು. ನೆಗೆಟಿವ್ ಬಂತು. ಅಲ್ಲಿಗೆ ಎಲ್ರೂ ಫೈಲ್ ಮುಚ್ಚಿದ್ರು. ಆರನೇ ವರ್ಷಕ್ಕೆ ಬೇರೆಯವ್ರು ರಕ್ತದಲ್ಲಿ ಎನ್ಜೈಮ್ ಮಾಡಿಸಿದಾಗ ಗೊತ್ತಾಯ್ತು.

ಲ್ಯಾಬ್_ಮೂಲೆ

ಅಮ್ಮ, ನಿಮಗಾಗಿದ್ದು ನಾವು ಲ್ಯಾಬಿನವ್ರು ದಿನಾ ಹೆದರೋ ವಿಷಯ. ಯೂರಿನ್ನಿನ ಆ ಬಣ್ಣದ ಸ್ಪಾಟ್ ಟೆಸ್ಟು ಸ್ಯಾನ್‌ಫಿಲಿಪ್ಪೊ ಮಕ್ಕಳಲ್ಲಿ ತಪ್ಪಿಸ್ಕೊಳ್ಳೋದು ಎಲ್ರಿಗೂ ಗೊತ್ತಿರೋದೇ, ಗ್ಲೈಕೋಸಮಿನೊಗ್ಲೈಕನ್‌ಗಳಲ್ಲಿ ಹೆಪರಾನ್ ಸಲ್ಫೇಟ್ ಮಾತ್ರ ಜಾಸ್ತಿ ಇರುತ್ತೆ, ಯೂರಿನ್ ತೆಳುವಾಗಿದ್ರಂತೂ ಬಣ್ಣಾನೇ ಬರಲ್ಲ. ನೆಗೆಟಿವ್ ಬಂದ್ರೂ ಲಕ್ಷಣ ಹೊಂದಿದ್ರೆ ಮುಂದಕ್ಕೆ ಹೋಗಿ ಅಂತ ರಿಪೋರ್ಟಿನ ಕೆಳಗೆ ಬರೆದಿರ್ತೀವಿ, ಆ ಸಾಲು ಯಾರೂ ಓದಲ್ಲ.

ಪಿಜಿಯವ್ರೇ, ನಿಮ್ಮ ಸರ್ ನಕ್ಕಿದ್ದು ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಎಂಎಲ್‌ಡಿ ತಗೊಳ್ಳಿ. ಸಲ್ಫಟೈಡ್ ಒಡೆಯೋ ಅರೈಲ್‌ಸಲ್ಫಟೇಸ್ ಎ ಎನ್ಜೈಮ್ ನೋಡ್ತೀವಿ. ಒಬ್ಬ ಆರೋಗ್ಯವಂತ ಅಪ್ಪನಿಗೆ ನಾರ್ಮಲ್‌ನ ಹತ್ತನೇ ಒಂದು ಭಾಗ ಬರುತ್ತೆ. ಅವನು ಗುಂಡುಕಲ್ಲಿನ ತರ ಇದಾನೆ, ಎಂಎಲ್‌ಡಿ ಬರೋದೇ ಇಲ್ಲ. ಇದಕ್ಕೆ ಸ್ಯೂಡೊಡಿಫಿಷಿಯನ್ಸಿ ಅಂತಾರೆ, ಜೀನಲ್ಲಿ ಒಂದು ಸಾಮಾನ್ಯ ಬದಲಾವಣೆ, ಎನ್ಜೈಮ್ ಕಮ್ಮಿ ತಯಾರಾಗುತ್ತೆ, ಆದ್ರೆ ಇರೋ ಅಷ್ಟೇ ದೇಹಕ್ಕೆ ಸಾಕು. ಯೂರಿನ್ನಲ್ಲಿ ಸಲ್ಫಟೈಡ್ ನೋಡಿದ್ರೆ ನಾರ್ಮಲ್. ನಿಜವಾದ ಕಾಯಿಲೆ ಇದ್ರೆ ಸಲ್ಫಟೈಡ್ ಏರಿರುತ್ತೆ. ಬೇರೆ ಕಾರಣಕ್ಕೆ ನಡಿಗೆ ಕೆಟ್ಟ ಮಗುವಿಗೆ ಈ ಸ್ಯೂಡೊ ಇದ್ದು ಎಂಎಲ್‌ಡಿ ಅಂತ ಹಣೆಪಟ್ಟಿ ಅಂಟಿಸಿದ್ರೆ ಏನಾಗುತ್ತೆ ಯೋಚ್ನೆ ಮಾಡಿ.

ಈಗ ಉಲ್ಟಾ. ಎನ್ಜೈಮ್ ನಾರ್ಮಲ್, ಕಾಯಿಲೆ ಇದೆ. ಫ್ಯಾಬ್ರಿ ಅನ್ನೋ ಸ್ಟೋರೇಜ್ ಕಾಯಿಲೆ, ಎಕ್ಸ್ ಲಿಂಕ್ಡ್. ಗಂಡಸರಲ್ಲಿ ಆಲ್ಫಾ ಗ್ಯಾಲಕ್ಟೊಸಿಡೇಸ್ ಎನ್ಜೈಮ್ ನೋಡಿದ್ರೆ ಸಾಕು. ಹೆಂಗಸರಲ್ಲಿ ಒಂದೊಂದು ಕೋಶದಲ್ಲಿ ಒಂದೊಂದು ಎಕ್ಸ್ ಮಲಗಿರುತ್ತಲ್ಲ, ರಕ್ತದ ಕೋಶದಲ್ಲಿ ಒಳ್ಳೇ ಎಕ್ಸ್ ಎದ್ದಿದ್ರೆ ರಿಪೋರ್ಟ್ ನಾರ್ಮಲ್, ಆದ್ರೆ ಹಾರ್ಟಲ್ಲಿ ಕಿಡ್ನಿಯಲ್ಲಿ ಯಾವ್ದು ಎದ್ದಿದೆಯೋ ಬಲ್ಲವರಾರು. ಅವ್ರಿಗೆ ಜೀನ್ ಟೆಸ್ಟೇ ಮಾಡ್ಬೇಕು. ಬರೀ ಕ್ಯಾರಿಯರ್ (ಕೆಟ್ಟ ಜೀನಿನ ಒಂದು ಪ್ರತಿ ಹೊತ್ತವ್ರು) ಬಿಡಿ ಅಂತ ಹಿಂದೆ ಹೇಳ್ತಿದ್ರು, ಆ ಹೆಂಗಸರಿಗೇ ಹಾರ್ಟ್ ಗೋಡೆ ದಪ್ಪ ಆಗೋದು, ಸ್ಟ್ರೋಕ್ ಆಗೋದು ಎಲ್ಲಾ ಕಂಡಿದೆ. ಹುಡುಗ್ರಲ್ಲಿ ಶುರು ಆಗೋದು ಅಂಗೈ ಅಂಗಾಲು ಉರಿಯಿಂದ, ಬೆವರು ಬರಲ್ಲ, ಆಟದ ಪೀರಿಯಡ್ ಅಂದ್ರೆ ಅಳ್ತಾರೆ, ನಾಟಕ ಅಂತ ಬೈಸ್ಕೋತಾರೆ.

ಇನ್ನೊಂದು, ಎನ್ಜೈಮ್ ಇದೆ ಆದ್ರೆ ತಪ್ಪು ಜಾಗದಲ್ಲಿದೆ. ಐ-ಸೆಲ್ ಕಾಯಿಲೆ. ಲೈಸೊಸೋಮಿಗೆ ಹೋಗ್ಬೇಕಾದ ಎನ್ಜೈಮ್ ಮೇಲೆ ಮ್ಯಾನೋಸ್-6-ಫಾಸ್ಫೇಟ್ ಅನ್ನೋ ವಿಳಾಸ ಬರೀಬೇಕು. ಬರೆಯೋನೇ ಇಲ್ಲ. ವಿಳಾಸ ಇಲ್ಲದ ಕಾಗದ ಎಲ್ಲಾ ಹೊರಗೆ ಹೋಗಿ ಬೀಳುತ್ತೆ, ಹಾಗಾಗಿ ರಕ್ತದ ಪ್ಲಾಸ್ಮಾದಲ್ಲಿ ಎಷ್ಟೋ ಎನ್ಜೈಮ್‌ಗಳು ಒಟ್ಟಿಗೇ ಮುಗಿಲು ಮುಟ್ಟಿರುತ್ತೆ, ಕೋಶದೊಳಗೆ ಬರಗಾಲ. ಮಗು ನೋಡೋಕೆ ಹರ್ಲರ್ ತರಾನೇ, ಆದ್ರೆ ಹುಟ್ಟಿನಿಂದಲೇ ಜೋರು, ಒಸಡು ದಪ್ಪ.

ನೀಮನ್-ಪಿಕ್ ಸಿ ಇನ್ನೂ ಬೇರೆ. ಎ ಮತ್ತೆ ಬಿ ಅಂದ್ರೆ ಸ್ಫಿಂಗೊಮಯಲಿನೇಸ್ ಎನ್ಜೈಮ್ ಕಮ್ಮಿ. ಸಿ ಅಂದ್ರೆ ಆ ಎನ್ಜೈಮಿನ ತಪ್ಪೇ ಅಲ್ಲ, ಕೊಲೆಸ್ಟ್ರಾಲ್ ಸಾಗಿಸೋ ಪ್ರೋಟೀನು ಕೆಟ್ಟಿರೋದು. ಹೆಸರು ನೋಡಿ ಸ್ಫಿಂಗೊಮಯಲಿನೇಸ್ ಮಾಡಿಸಿ ನಾರ್ಮಲ್ ಅಂತ ಕೈಬಿಟ್ಟವ್ರನ್ನ ನಾನೇ ನೋಡಿದೀನಿ.

ಹಳೇ_ಸ್ಟೆತ್

ಸಿ ಬಗ್ಗೆ ನನ್ನ ಹಳೇ ಪಾಠ ಒಂದಿದೆ, ಗೋಶೆ ಅಡ್ಡಡ್ಡ, ಸಿ ಉದ್ದುದ್ದ. ಗೋಶೆ ಟೈಪ್ 3 ಮಗು ಕಣ್ಣನ್ನ ಪಕ್ಕಕ್ಕೆ ಬೇಗ ತಿರುಗಿಸೋಕೆ ಆಗ್ದೆ ತಲೇನೇ ಹೊಡೆದು ತಿರುಗಿಸುತ್ತೆ. ಸಿ ಮಗುವಿಗೆ ಕಣ್ಣು ಮೇಲೆ ಕೆಳಗೆ ಹೋಗಲ್ಲ, ಮೆಟ್ಟಿಲು ಇಳಿಯುವಾಗ ಎಡವುತ್ತೆ, ನಗು ಬಂದ್ರೆ ಮಂಡಿ ಕುಸಿದು ಬೀಳುತ್ತೆ. ಕೂಸಾಗಿದ್ದಾಗ ಕಾಮಾಲೆ ತಿಂಗಳುಗಟ್ಟಲೆ ಇತ್ತಾ ಅಂತ ಕೇಳಿ.

ಗಣಿತದ_ಮೇಷ್ಟ್ರು

ನಾನು ಡಾಕ್ಟರಲ್ಲ, ಪೇಷಂಟು. ಇಲ್ಲಿ ಪೆರಾಕ್ಸಿಸೋಮ್ ಬಗ್ಗೆ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ, ನಾನೇ ಶುರು ಮಾಡ್ತೀನಿ, ತಪ್ಪಿದ್ರೆ ತಿದ್ದಿ.

34 ವಯಸ್ಸಿಗೆ ಕಾಲು ಬಿಗಿಯೋಕೆ ಶುರು ಆಯ್ತು. ಬೋರ್ಡ್ ಹತ್ರದಿಂದ ಕೊನೇ ಬೆಂಚಿಗೆ ಹೋಗಿ ಬರೋಷ್ಟರಲ್ಲಿ ಮರದ ಕಾಲು. ಆಮೇಲೆ ಉಚ್ಚೆ ತಡೆಯೋಕಾಗಲ್ಲ, ಪಾಠ ಅರ್ಧಕ್ಕೆ ಬಿಟ್ಟು ಓಡ್ಬೇಕು. ಬೆನ್ನಿನ ಡಿಸ್ಕು ಅಂತ ನಾಲ್ಕು ವರ್ಷ ಬೆಲ್ಟು ಕಟ್ಟಿಸಿದ್ರು. ಅಮ್ಮನಿಗೂ ಅರವತ್ತಾದ ಮೇಲೆ ಕಾಲು ಬಿಗಿ, ಅದು ಮಂಡಿ ನೋವು, ವಯಸ್ಸಾಯ್ತಲ್ಲ ಅಂತ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ.

ಗೊತ್ತಾಗಿದ್ದು ನನ್ನಿಂದ ಅಲ್ಲ. ತಂಗಿ ಮಗ, 7 ವರ್ಷ, ಲೆಕ್ಕದಲ್ಲಿ ಜಾಣ, ನಾನೇ ಹೇಳ್ಕೊಡ್ತಿದ್ದೆ. ಒಂದು ಟರ್ಮಲ್ಲಿ ಕೈಬರಹ ಕೆಟ್ಟಿತು, ಕೂಗಿದ್ರೆ ಕೇಳಿಸ್ಕೊಳ್ಳಲ್ಲ, ಓದಿದ ಸಾಲನ್ನೇ ಮತ್ತೆ ಓದ್ತಾನೆ. ಗಮನ ಇಲ್ಲ ಅಂತ ನಾನೂ ಗದರಿದೆ, ಅದು ನನ್ನ ಎದೇಲಿ ಹಾಗೇ ಇದೆ. ಕಣ್ಣಿಗೂ ಕಿವಿಗೂ ಕನ್ನಡಕ, ಮಷೀನು ಅಂತೆಲ್ಲಾ ನೋಡಿ ಕೊನೆಗೆ ಎಂಆರ್‌ಐ ಮಾಡಿಸಿದಾಗ ಮಿದುಳಿನ ಹಿಂಭಾಗದ ಬಿಳಿ ಭಾಗ ಎರಡೂ ಕಡೆ ಕೆಟ್ಟಿತ್ತು. ಎಕ್ಸ್ ಲಿಂಕ್ಡ್ ಅಡ್ರಿನೊಲ್ಯೂಕೊಡಿಸ್ಟ್ರೊಫಿ ಅನ್ನೋ ಪೆರಾಕ್ಸಿಸೋಮ್ ಕಾಯಿಲೆ. ಅದಕ್ಕೂ ಎರಡು ವರ್ಷ ಮುಂಚೆ ಅವನ ಮೈ ಬಿಸಿಲಿಗೆ ಹೋಗ್ದೇನೇ ಕಪ್ಪಾಗ್ತಿತ್ತು, ಪದೇ ಪದೇ ವಾಂತಿ, ಸುಸ್ತು. ಅದು ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯ ತೊಂದರೆ ಅಂತ ಆಮೇಲೆ ತಿಳೀತು.

ಅವನ ರಿಪೋರ್ಟ್ ಬಂದ ಮೇಲೆ ಡಾಕ್ಟ್ರು ಮನೆಯವರೆಲ್ಲರ ಕತೆ ಕೇಳಿದ್ರು, ನನ್ನ ಕಾಲು ನೋಡಿದ್ರು, ರಕ್ತ ತಗೊಂಡ್ರು. ಅದೇ ಜೀನು, ಅದೇ ಮ್ಯುಟೇಶನ್ನು. ನನಗೆ ಬಂದಿರೋದು ಸ್ಪೈನಲ್ ಕಾರ್ಡಿನ ನಮೂನೆ, ಎಎಂಎನ್ ಅಂತಾರೆ. ಒಂದೇ ಸಮೀಕರಣಕ್ಕೆ ಎರಡು ಉತ್ತರ, ಮೇಷ್ಟ್ರಿಗೆ ಇದು ಇವತ್ತಿಗೂ ಒಪ್ಪಿಗೆ ಆಗಿಲ್ಲ.

ಲ್ಯಾಬ್_ಮೂಲೆ

ಮೇಷ್ಟ್ರೇ, ತಿದ್ದೋಕೆ ಏನೂ ಇಲ್ಲ. ಎಬಿಸಿಡಿ1 ಜೀನು, ಎಕ್ಸ್‌ನ ತುದಿಯಲ್ಲಿ, 1993ರಲ್ಲಿ ಸಿಕ್ಕಿದ್ದು. ತುಂಬಾ ಉದ್ದದ ಕೊಬ್ಬಿನ ಆಮ್ಲಗಳನ್ನ ಪೆರಾಕ್ಸಿಸೋಮ್ ಒಳಗೆ ದಾಟಿಸೋ ಬಾಗಿಲು ಅದು. ಬಾಗಿಲು ಕೆಟ್ರೆ ಸಿ26 ಅನ್ನೋ ಅಂಥ ಒಂದು ಆಮ್ಲ ರಕ್ತದಲ್ಲಿ ಏರುತ್ತೆ. ಆದ್ರೆ ಎಷ್ಟು ಏರಿದೆ ಅನ್ನೋದ್ರಿಂದಾಗಲಿ, ಮ್ಯುಟೇಶನ್ ಯಾವ್ದು ಅನ್ನೋದ್ರಿಂದಾಗಲಿ ಯಾರಿಗೆ ಮಿದುಳು ಕೆಡುತ್ತೆ ಯಾರಿಗೆ ಕಾಲು ಅಂತ ಹೇಳೋಕಾಗಲ್ಲ. ಹುಡುಗ್ರಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಜನಕ್ಕೆ ಬಾಲ್ಯದಲ್ಲೇ ಮಿದುಳಿನ ರೂಪ ಬರುತ್ತೆ, ಸಾಮಾನ್ಯವಾಗಿ 4ರಿಂದ 10 ವರ್ಷದೊಳಗೆ. ಕ್ಯಾರಿಯರ್ ಹೆಂಗಸರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಸಿ26 ನಾರ್ಮಲ್ ಬರುತ್ತೆ, ಅವ್ರಿಗೂ ಜೀನ್ ಟೆಸ್ಟೇ. ನಿಮ್ಮ ಅಮ್ಮನ ಮಂಡಿ ನೋವೂ ಇದೇ ಇರ್ಬಹುದು, ವಯಸ್ಸಾದ ಮೇಲೆ ಈ ಹೆಂಗಸರಲ್ಲಿ ಬಹಳ ಜನಕ್ಕೆ ಕಾಲು ಬಿಗಿ ಬರುತ್ತೆ.

ಪಿಜಿಯವ್ರಿಗೆ ಪೆರಾಕ್ಸಿಸೋಮ್ ಅಂದ್ರೆ ಎರಡು ಗುಂಪು ಸಾಕು. ಒಂದು, ಒಳಗಿನ ಒಂದು ಕೆಲಸ ಮಾತ್ರ ಕೆಟ್ಟಿರೋದು, ಮೇಷ್ಟ್ರದ್ದು, ಫೈಟಾನಿಕ್ ಆಮ್ಲ ಅನ್ನೋ ಕೊಬ್ಬು ತುಂಬ್ಕೊಳ್ಳೋ ರೆಫ್ಸಮ್ಮು. ಇನ್ನೊಂದು, ಪೆರಾಕ್ಸಿಸೋಮೇ ಕಟ್ಟೋಕಾಗದಿರೋದು, ಜೆಲ್‌ವೆಗರ್ ಗುಂಪು. ಪೆಕ್ಸ್ ಜೀನುಗಳು ಎನ್ಜೈಮನ್ನ ಒಳಗೆ ಸಾಗಿಸೋ ಆಳುಗಳು, ಅದ್ರಲ್ಲಿ ಪೆಕ್ಸ್1 ಕೆಡೋದೇ ಹೆಚ್ಚು. ಐ-ಸೆಲ್ ಲೈಸೊಸೋಮಿಗೆ ಹೇಗೋ ಇದು ಪೆರಾಕ್ಸಿಸೋಮಿಗೆ ಹಾಗೆ, ಸರಕು ಇದೆ, ಗೋದಾಮಿಗೆ ಸೇರಲ್ಲ. ಕೂಸು ಹುಟ್ಟಿದ ದಿನಾನೇ ಮೆತ್ತಗೆ, ಹಾಲು ಚೀಪಲ್ಲ, ಫಿಟ್ಸು, ಎತ್ತರದ ಹಣೆ, ನೆತ್ತಿ ಅಗಲಕ್ಕೆ ತೆರೆದಿರುತ್ತೆ, ಮಂಡಿಚಿಪ್ಪಿನ ಎಕ್ಸ್‌ರೇಲಿ ಚುಕ್ಕಿ ಚುಕ್ಕಿ ಸುಣ್ಣ, ಕಿಡ್ನಿಯಲ್ಲಿ ಸಣ್ಣ ಗುಳ್ಳೆ. ಸಿ26 ಜಾಸ್ತಿ, ಪೆರಾಕ್ಸಿಸೋಮ್ ಕಟ್ಟೋ ಪ್ಲಾಸ್ಮಲೋಜನ್ ಅನ್ನೋ ಕೊಬ್ಬು ಕಮ್ಮಿ. ಇಲ್ಲೂ ಒಂದು ಬಲೆ ಇದೆ, ಫೈಟಾನಿಕ್ ಆಮ್ಲ ಬರೋದು ಊಟದಿಂದ, ಬರೀ ತಾಯಿ ಹಾಲಲ್ಲಿರೋ ಕೂಸಿಗೆ ಅದು ನಾರ್ಮಲ್ ಇರ್ಬಹುದು. ಸ್ಟೋರೇಜ್ ಅನ್ನೋ ಪದಾನೇ ಪೆರಾಕ್ಸಿಸೋಮಿಗೆ ಅರ್ಧ ಸರಿ ಅಂತ ನನ್ನ ಅಭಿಪ್ರಾಯ, ಅದು ಒಡೆಯೋದಷ್ಟೇ ಅಲ್ಲ ಕಟ್ಟೋದೂ ಮಾಡುತ್ತೆ, ಪ್ಲಾಸ್ಮಲೋಜನ್ ಇಲ್ದಿದ್ರೆ ಮಯಲಿನ್ನೂ ಸರಿ ಇರಲ್ಲ.

ಪಿಜಿ_ಎರಡನೇ_ವರ್ಷ

ರೆಫ್ಸಮ್ ಅಂದ್ರೆ ಸೊಪ್ಪು ತಿನ್ನಬಾರದು ಅಂತ ಓದಿದ್ದೆ?

ಲ್ಯಾಬ್_ಮೂಲೆ

ಪಾಪ ಸೊಪ್ಪು. ಕ್ಲೋರೊಫಿಲ್ ಒಳಗಿನ ಫೈಟಾಲ್ (ಫೈಟಾನಿಕ್ ಆಮ್ಲದ ಮೂಲ) ಬಿಡಿಸ್ಕೊಳ್ಳೋಕೆ ಮನುಷ್ಯನ ಹೊಟ್ಟೆಗೆ ಬರಲ್ಲ, ದನ ಕುರಿಗಳ ಹೊಟ್ಟೆಗೆ ಬರುತ್ತೆ. ಹಾಗಾಗಿ ಬಿಡಬೇಕಾಗಿರೋದು ಹಾಲು ಬೆಣ್ಣೆಯ ಕೊಬ್ಬು, ದನ ಕುರಿ ಮಾಂಸದ ಕೊಬ್ಬು, ಕೆಲವು ಮೀನು. ಉಪವಾಸ ಮಾಡ್ಸಿ ತೂಕ ಇಳಿಸಿದ್ರೆ ಕೊಬ್ಬಲ್ಲಿ ಕೂತಿದ್ದ ಫೈಟಾನಿಕ್ ಎಲ್ಲಾ ಒಮ್ಮೆಗೇ ರಕ್ತಕ್ಕೆ ಬಂದು ಅನಾಹುತ. ಇರುಳುಗುರುಡು, ವಾಸನೆ ಗೊತ್ತಾಗದಿರೋದು, ಈ ಎರಡು ಒಟ್ಟಿಗೆ ಕಂಡ್ರೆ ನೆನಪಿಸ್ಕೊಳ್ಳಿ.

ನಿದ್ದೆಗೆಟ್ಟ_ಅಮ್ಮ

ನನ್ನದೊಂದು ಪ್ರಶ್ನೆ. ನನ್ನ ಮಗಳು ಚೆನ್ನಾಗಿದಾಳೆ, 13 ವರ್ಷ. ತಂಗಿ ಈಗ ಗರ್ಭಿಣಿ ಆಗೋ ಯೋಚ್ನೇಲಿದಾಳೆ, ನನ್ನ ಹತ್ರ ಕೇಳೋಕೆ ಹಿಂಜರೀತಾಳೆ, ನಾನೇ ಹೇಳೋಕೂ ಆಗ್ತಿಲ್ಲ. ಎಷ್ಟು ಹೆದರ್ಬೇಕು?

ವಂಶವೃಕ್ಷ

ಜೆನೆಟಿಕ್ ಕೌನ್ಸೆಲಿಂಗ್ ಮಾಡ್ತೀನಿ ಅಕ್ಕ, ಲೆಕ್ಕ ಹೇಳ್ತೀನಿ. ಸ್ಯಾನ್‌ಫಿಲಿಪ್ಪೊ ಎ ಬರೋಕೆ ಎರಡೂ ಕಡೆಯಿಂದ ಕೆಟ್ಟ ಪ್ರತಿ ಬರ್ಬೇಕು. ನೀವು, ನಿಮ್ಮೆಜಮಾನ್ರು ಇಬ್ರೂ ಕ್ಯಾರಿಯರ್, ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು, ಹಿಂದಿನ ಮಗು ಹೇಗಿತ್ತು ಅನ್ನೋದು ಮುಂದಿನದಕ್ಕೆ ಲೆಕ್ಕಕ್ಕಿಲ್ಲ. ಮಗಳಿಗೆ ಕಾಯಿಲೆ ಇಲ್ಲ ಅಂತ ಗೊತ್ತಾಗಿದೆ, ಹಾಗಾಗಿ ನಾಲ್ಕು ದಾರಿಯಲ್ಲಿ ಒಂದು ಅಳಿಸಿ, ಉಳಿದ ಮೂರರಲ್ಲಿ ಎರಡು ಕ್ಯಾರಿಯರ್. ಅವಳು ದೊಡ್ಡವಳಾಗಿ ತಾನೇ ಕೇಳಿದಾಗ ಟೆಸ್ಟ್ ಮಾಡ್ಸಿದ್ರೆ ಆಯ್ತು, ಈಗ ಅವಳ ಆರೋಗ್ಯಕ್ಕೆ ಅದರಿಂದ ಏನೂ ಆಗ್ಬೇಕಾಗಿಲ್ಲ.

ತಂಗಿ ಕ್ಯಾರಿಯರ್ ಆಗಿರೋ ಸಾಧ್ಯತೆ ಎರಡರಲ್ಲಿ ಒಂದು. ಆದ್ರೆ ಅವಳ ಗಂಡನೂ ಕ್ಯಾರಿಯರ್ ಆಗಿದ್ರೆ ಮಾತ್ರ ಮಗುವಿಗೆ ಭಯ, ಅವ್ರು ನಿಮ್ಮ ಕುಟುಂಬದ ನೆಂಟಸ್ತಿಕೆಯವ್ರಲ್ಲದಿದ್ರೆ ಆ ಸಾಧ್ಯತೆ ತುಂಬಾನೇ ಕಮ್ಮಿ. ಸಂಬಂಧದಲ್ಲೇ ಮದುವೆ ಆಗಿದ್ರೆ ಲೆಕ್ಕ ಬದಲಾಗುತ್ತೆ. ಮುಖ್ಯ ಏನಂದ್ರೆ ನಿಮ್ಮ ಮಗನ ರಿಪೋರ್ಟಲ್ಲಿ ಎರಡೂ ಮ್ಯುಟೇಶನ್ ಅಕ್ಷರ ಸಮೇತ ಇರ್ಬೇಕು, ಬರೀ ಎನ್ಜೈಮ್ ರಿಪೋರ್ಟ್ ಹಿಡ್ಕೊಂಡು ತಂಗಿ ಕ್ಯಾರಿಯರಾ ಅಂತ ಹೇಳೋಕೆ ಹೋಗ್ಬಾರದು, ಕ್ಯಾರಿಯರ್ ಮತ್ತೆ ನಾರ್ಮಲ್ ಜನರ ಎನ್ಜೈಮ್ ಮಟ್ಟ ಒಂದ್ರ ಮೇಲೊಂದು ಹಾಯುತ್ತೆ. ಈ ಕೆಲಸ ಗರ್ಭಿಣಿ ಆಗೋಕ್ ಮುಂಚೆ ಆಗ್ಲಿ. ಆದ್ಮೇಲೆ ಅಂದ್ರೆ ಟೆಸ್ಟಿಗೆ ಕೋರಿಯಾನಿಕ್ ವಿಲ್ಲಸ್ (ಮಾಸಿನ ಚೂರು) ತೆಗೆಯೋದು 10 ವಾರ ದಾಟಿದ ಮೇಲೆ, ಅಷ್ಟರಲ್ಲಿ ರಿಪೋರ್ಟ್ ಹುಡುಕ್ತಾ ಕೂತ್ರೆ ಎಲ್ರಿಗೂ ಒದ್ದಾಟ.

ಮೇಷ್ಟ್ರೇ, ನಿಮ್ಮದು ಎಕ್ಸ್. ಗಂಡುಮಕ್ಕಳಿಗೆ ನೀವು ಕೊಡೋದು ವೈ, ಅವ್ರಿಗೆ ಏನೂ ಇಲ್ಲ. ಹೆಣ್ಣುಮಕ್ಕಳು ಖಂಡಿತ ಕ್ಯಾರಿಯರ್, ಟೆಸ್ಟೇ ಬೇಡ. ತಂಗಿಯ ಇನ್ನೊಬ್ಬ ಮಗ ಇದ್ರೆ ಅರ್ಧಕ್ಕರ್ಧ.

ಗಣಿತದ_ಮೇಷ್ಟ್ರು

ಇದಾನೆ. 4 ವರ್ಷ. ಅವನಿಗೂ ಪಾಸಿಟಿವ್. ಆರು ತಿಂಗಳಿಗೊಮ್ಮೆ ಎಂಆರ್‌ಐ, ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದೀವಿ. ದೊಡ್ಡವನಿಗೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ತಡ ಆಯ್ತು ಅಂದ್ರು, ಲಕ್ಷಣ ಜೋರಾದ ಮೇಲೆ ಅದರಿಂದ ಪ್ರಯೋಜನ ಕಮ್ಮಿ ಅಂತೆ. ಚಿಕ್ಕವನ ಎಂಆರ್‌ಐಲಿ ಮೊದಲ ಕಲೆ ಕಂಡ ತಕ್ಷಣ ಮಾಡ್ಬೇಕು, ಅದಕ್ಕೂ ಮುಂಚೆ ಮಾಡೋಕೂ ಆಗಲ್ಲ, ಯಾಕಂದ್ರೆ ಅವನಿಗೆ ಬರದೇ ಹೋಗ್ಬಹುದು. ಈ ಕಾಯಿಲೆಗೆ ಅಂತ ಹೆಸರಾದ ಲೊರೆಂಜೊ ಎಣ್ಣೆ ಕೊಡಿ ಅಂತ ನೆಂಟರು ದಿನಾ ಹೇಳ್ತಾರೆ.

ಹಳೇ_ಸ್ಟೆತ್

ಎಣ್ಣೆ ರಕ್ತದ ಸಿ26 ಇಳಿಸುತ್ತೆ, ಶುರುವಾದ ಮಿದುಳಿನ ಕಾಯಿಲೆ ನಿಲ್ಲಿಸಲ್ಲ. ಎಂಆರ್‌ಐ ದಿನಾಂಕ ತಪ್ಪಿಸ್ಬೇಡಿ, ಅಷ್ಟೇ.

ಚಿಕಿತ್ಸೆ ಬಗ್ಗೆ ಪಿಜಿಗಳು ತಿಳ್ಕೊಳ್ಳಬೇಕಾದ್ದು: 1968ರಲ್ಲಿ ಎಲಿಜಬೆತ್ ನ್ಯೂಫೆಲ್ಡ್ ಅನ್ನೋ ವಿಜ್ಞಾನಿಯ ಲ್ಯಾಬಲ್ಲಿ ಹರ್ಲರ್ ಮತ್ತೆ ಹಂಟರ್ ಮಕ್ಕಳ ಚರ್ಮದ ಕೋಶಗಳನ್ನ ಒಟ್ಟಿಗೆ ಬೆಳೆಸಿದಾಗ ಎರಡೂ ಒಂದನ್ನೊಂದು ಸರಿ ಮಾಡ್ಕೊಂಡ್ವು. ಒಂದು ಕೋಶ ಬಿಟ್ಟಿದ್ದನ್ನ ಇನ್ನೊಂದು ಎತ್ಕೊಳ್ಳುತ್ತೆ ಅಂತ ಆಯ್ತಲ್ಲ, ಟ್ರಾನ್ಸ್‌ಪ್ಲಾಂಟಿಗೂ ಡ್ರಿಪ್ಪಲ್ಲಿ ಎನ್ಜೈಮ್ ಕೊಡೋದಕ್ಕೂ ಅದೇ ಬುಡ. ಗೋಶೆಗೆ 1991ರಲ್ಲಿ ಬಂತು, ಪಾಂಪೆಗೆ 2006ರಲ್ಲಿ. ಗೋಶೆ ಮಗುವಿನ ಸ್ಪ್ಲೀನು ಕಣ್ಣೆದುರೇ ಕರಗುತ್ತೆ. ಆದ್ರೆ ಆ ಎನ್ಜೈಮ್ ರಕ್ತದಿಂದ ಮಿದುಳಿಗೆ ದಾಟಲ್ಲ, ಹಾಗಾಗಿ ಗೋಶೆಯಲ್ಲಿ ಜೀನ್ ರಿಪೋರ್ಟ್ ನೋಡೋದು ಮುಖ್ಯ: ಎನ್370ಎಸ್ ಅನ್ನೋ ಮ್ಯುಟೇಶನ್ ಒಂದು ಪ್ರತಿ ಇದ್ರೂ ಬಾಲ್ಯದ ಮಿದುಳಿನ ರೂಪದಿಂದ ಬಚಾವ್, ಎಲ್444ಪಿ ಎರಡೂ ಕಡೆ ಇದ್ರೆ ಕಣ್ಣಿನ ಚಲನೆ ಮೇಲೆ ನಿಗಾ ಇಡಿ.

ನಿದ್ದೆಗೆಟ್ಟ_ಅಮ್ಮ

ವಂಶವೃಕ್ಷ ಅವ್ರೇ, ರಿಪೋರ್ಟ್ ತೆಗೆದು ನೋಡ್ದೆ. ಒಂದೇ ಮ್ಯುಟೇಶನ್ ಬರೆದಿದಾರೆ, ಇನ್ನೊಂದರ ಜಾಗದಲ್ಲಿ ಅರ್ಥ ಖಚಿತವಿಲ್ಲ ಅಂತಿದೆ. ಮೂರು ವರ್ಷದಿಂದ ಬೀರುವಲ್ಲಿತ್ತು, ಇವತ್ತೇ ಓದಿದ್ದು.

ವಂಶವೃಕ್ಷ

ನೀವು ಮತ್ತೆ ಯಜಮಾನ್ರು ಇಬ್ರೂ ರಕ್ತ ಕೊಡಿ. ಯಾವ್ದು ಯಾರಿಂದ ಬಂತು ಅಂತ ಮೊದ್ಲು ತಿಳೀಲಿ, ಎರಡೂ ಒಬ್ಬರಿಂದಲೇ ಬಂದಿದ್ರೆ ನಿಜವಾದ ಎರಡನೇದು ಇನ್ನೂ ಸಿಕ್ಕಿಲ್ಲ ಅಂತ ಅರ್ಥ. ಹಳೇ ಅನಿಶ್ಚಿತ ಫಲಿತಾಂಶಗಳನ್ನ ಲ್ಯಾಬ್‌ಗಳು ಮತ್ತೆ ನೋಡಿ ಬದಲಾಯಿಸೋದೂ ಉಂಟು, ಬರೆದು ಕೇಳಿ. ತಂಗಿಗೆ ನೀವೇ ಫೋನ್ ಮಾಡಿ ಅಕ್ಕ, ಅವಳು ಮಾಡಲ್ಲ.

ಪಿಜಿ_ಎರಡನೇ_ವರ್ಷ

ಇವತ್ತು ರೌಂಡ್ಸ್ ಮುಗಿದ ಮೇಲೆ ಸರ್ ಅವ್ರನ್ನ ಹಿಡ್ಕೊಂಡೆ. ಎನ್ಜೈಮ್ ಕಮ್ಮಿ ಅಂದ್ರೆ ಕಾಯಿಲೆ ಪಕ್ಕಾ ಅಲ್ಲ ಸರ್, ಸಲ್ಫಟೈಡ್ ನೋಡ್ಬೇಕು ಅಂದೆ. "ಸಲ್ಫಟೈಡ್ ಏರಿದೆ, ಅರೈಲ್‌ಸಲ್ಫಟೇಸ್ ಎ ಪೂರ್ತಿ ನಾರ್ಮಲ್ ಇದೆ, ಈಗ ಹೇಳು" ಅಂದು ಮತ್ತೆ ನಕ್ಕೊಂಡು ಹೋದ್ರು. ಅಯ್ಯೋ.

ಲ್ಯಾಬ್_ಮೂಲೆ

ಸಪೋಸಿನ್ ಬಿ. ಸಲ್ಫಟೈಡನ್ನ ಎತ್ತಿ ಎನ್ಜೈಮಿನ ಬಾಯಿಗೆ ಕೊಡೋ ಪ್ರೋಟೀನು. ಅದಿಲ್ದಿದ್ರೆ ಎನ್ಜೈಮ್ ಬಾಯಿ ತೆರ್ಕೊಂಡು ಕೂತಿರುತ್ತೆ, ನಮ್ಮ ಟೆಸ್ಟಲ್ಲಿ ಕೃತಕ ವಸ್ತು ಕೊಡ್ತೀವಲ್ಲ, ಅದಕ್ಕೆ ಈ ಸಹಾಯ ಬೇಕಿಲ್ಲ, ಹಾಗಾಗಿ ನಾರ್ಮಲ್ ತೋರ್ಸುತ್ತೆ. ಟೇ-ಸ್ಯಾಕ್ಸ್ ಕಡೆಯೂ ಇಂಥದ್ದೇ ಒಂದಿದೆ, ಜಿಎಂ2 ಆಕ್ಟಿವೇಟರ್, ಅದನ್ನೂ ಓದ್ಕೊಂಡು ಹೋಗಿ, ಮುಂದಿನ ಸಲ ಅದೇ ಕೇಳ್ತಾರೆ.

ಗಣಿತದ_ಮೇಷ್ಟ್ರು

ಚಿಕ್ಕವನ ಎಂಆರ್‌ಐ ನಿನ್ನೆ ಆಯ್ತು. ಕ್ಲೀನ್. ಮುಂದಿನದು ಆರು ತಿಂಗಳಿಗೆ.

ಹಳೇ_ಸ್ಟೆತ್

ಸಂತೋಷ ಮೇಷ್ಟ್ರೇ. ಬೆಳಗಿನ ಕಾರ್ಟಿಸೋಲ್, ಎಸಿಟಿಎಚ್ (ಅಡ್ರಿನಲ್ ಟೆಸ್ಟುಗಳು) ಮಾಡಿಸಿದ್ರಾ? ಎಂಆರ್‌ಐ ಕ್ಲೀನ್ ಬಂದ ಖುಷೀಲಿ ಅಡ್ರಿನಲ್ ಮರ್ತೋಗುತ್ತೆ. ಜ್ವರ ವಾಂತಿ ಬಂದಾಗ ಕೈಕೊಡೋದು ಅದೇ.

ಗಣಿತದ_ಮೇಷ್ಟ್ರು

ಕೊಟ್ಟು ಬಂದಿದೀವಿ ಡಾಕ್ಟ್ರೇ. ರಿಪೋರ್ಟು ಶುಕ್ರವಾರ.